ಚೌತಿಗೆ ಒಯ್ದ ಕಷಾಯದ ಪುಡಿ

ಮಾಜಾಳಿಯ ಮೀನುಗಾರರ ಕೇರಿಯಲ್ಲಿ ಕಾಶಿಯ ಮನೆಯಿಂದ ಹುರಿದ ಕೊತ್ತಂಬರಿಯ ಘಮ ಬಂತೆಂದರೆ ಚೌತಿಗೆ ಎಂಟು ದಿನ ಉಳಿದಿದೆ ಎಂದು ತಿಳಿಯಬೇಕಿತ್ತು. ಮೂವತ್ತು ವರ್ಷ ಕಾರವಾರದ ಪೇಟೆಯಲ್ಲಿ ಮೀನು ಮಾರಿದ ಆ ಹೆಂಗಸು ಹಬ್ಬಕ್ಕೆಂದು ಯಾರಿಗೂ ಅಂಗಡಿಯ ಸಾಮಾನು ಕೊಟ್ಟವಳಲ್ಲ. ಬಟ್ಟೆಯ ಪುಟ್ಟ ಚೀಲಗಳನ್ನು ತಾನೇ ಹೊಲಿದು, ಒಂದರಲ್ಲಿ ಮೀನಿನ ಸಾರಿನ ಮಸಾಲೆ, ಇನ್ನೊಂದರಲ್ಲಿ ಕಷಾಯದ ಪುಡಿ ತುಂಬಿ ಕೊಡುವಳು. ಶ್ರಾವಣವಿಡೀ ಮೀನು ಬಿಟ್ಟವರು, ಗಣಪತಿಯನ್ನು ನೀರಿಗೆ ಬಿಟ್ಟ ಮರುದಿನದ ಮೊದಲ ಸಾರಿಗೆ ಅವಳ ಮಸಾಲೆಯನ್ನೇ ಹಾಕುವರು. ಜೊತೆಗೆ ಕೊಡುವ, ಮೀನಿನ ಸಾರಿಗೆ ಘಮ ತರುವ ತೆಪ್ಪಲದ ಕಾಯಿಯನ್ನು ಬಿಸಿಲಿಗೆ ಒಡೆಯಲು ಬಿಟ್ಟು, ಒಳಗಿನ ಕರಿಬೀಜವನ್ನು ಒಂದೊಂದಾಗಿ ಆರಿಸಿ ಎಸೆದು, ಸಿಪ್ಪೆಯನ್ನಷ್ಟೇ ಉಳಿಸುವ ತಾಳ್ಮೆ ಕೇರಿಯಲ್ಲಿ ಅವಳೊಬ್ಬಳಿಗೇ ಇತ್ತು.

2005ರ ಮಳೆಗಾಲದ ನಂತರ ಒಂದಲ್ಲ, ಎರಡು ಚೌತಿ ಆ ಘಮವಿಲ್ಲದೆ ಕಳೆದವು. ಮಗಳನ್ನು ಕಳೆದುಕೊಂಡ ಮನೆ ಎಂದು ಜನ ಅರ್ಥ ಮಾಡಿಕೊಂಡರು. ಅವರಿಗೆ ಗೊತ್ತಿದ್ದದ್ದು ಅರ್ಧ ಮಾತ್ರ.

ಮಗಳು ಸುಲಭಾ ಆ ಆಷಾಢದಲ್ಲಿ ಎರಡು ವರ್ಷದ ಪ್ರಗತಿಯನ್ನು ಎತ್ತಿಕೊಂಡು ಅಂಕೋಲೆಯಿಂದ ತವರಿಗೆ ಬಂದಿದ್ದಳು. ಗದ್ದೆಯ ನೀರು ಅಂಗಳಕ್ಕೆ ನುಗ್ಗಿತ್ತು. ಅದರಲ್ಲೇ ಓಡಾಡಿದವಳಿಗೆ ವಾರ ಕಳೆಯುವಷ್ಟರಲ್ಲಿ ಜ್ವರ, ಮೀನಖಂಡಗಳಲ್ಲಿ ತಡೆಯಲಾರದ ನೋವು. ಕಾಶಿಯ ಗಂಡ ಪುಂಡಲೀಕ ಆಸ್ಪತ್ರೆಯ ಮಾತೆತ್ತಿದಾಗ ಅವಳು ನಕ್ಕಿದ್ದಳು: "ಮಳೆಲಿ ನೆಂದದ್ದಕ್ಕೆ ಆಸ್ಪತ್ರೆ ಎಂತಕೆ? ನನ್ನ ಕಷಾಯಕ್ಕೆ ಹ್ಯಾಂಗೆ ಬೆವರಿಳೀತದೆ, ನೋಡ್ತಾ ಇರು."

ಬೆವರಿಳಿಯಿತು. ಪ್ರತಿ ಲೋಟಕ್ಕೂ ಕಂಬಳಿ ತೋಯ್ದು, ಗಳಿಗೆಯ ಮಟ್ಟಿಗೆ ಹಣೆ ತಣ್ಣಗಾಗುತ್ತಿತ್ತು. ಬೆವರಿದರೆ ಜ್ವರ ಬಿಟ್ಟಂತೆ ಎಂಬುದು ಆ ಮನೆಯಲ್ಲಿ ಮೂರು ತಲೆಮಾರು ಯಾರೂ ಪ್ರಶ್ನಿಸದ ಮಾತು. ಹೀಗೆ ಮೂರು ದಿನಗಳಲ್ಲಿ ಆ ಜ್ವರ ಎಂಟು ಹತ್ತು ಸಲ 'ಬಿಟ್ಟಿತು'. ನಾಲ್ಕನೆಯ ಬೆಳಿಗ್ಗೆ ಸುಲಭಾಳ ಕಣ್ಣು ಹಳದಿಯಾಗಿತ್ತು. ಆಸ್ಪತ್ರೆಗೆ ಒಯ್ದಾಗ ಇಲಿಜ್ವರ ಎಂದರು ಡಾಕ್ಟರು. ಮೊದಲೇ ತಂದಿದ್ದರೆ ಔಷಧ ಹಿಡಿಯುತ್ತಿತ್ತೇನೋ ಎಂದೂ ಅಂದರು. ಅಂಕೋಲೆಯಿಂದ ಓಡಿಬಂದ ಅಳಿಯ ಕಿಶನ, "ಯಾವಾಗಿಂದ ಆಯಿ?" ಎಂದು ಕೇಳಿದಾಗ, "ನಿನ್ನೆಯಿಂದ" ಎಂದಿತು ಕಾಶಿಯ ಬಾಯಿ. ಪುಂಡಲೀಕ ನೆಲ ನೋಡಿದ. ಎರಡು ದಿನಗಳಲ್ಲಿ ಎಲ್ಲ ಮುಗಿಯಿತು.

ಆ ಕಷಾಯ ಯಾರನ್ನೂ ಕೊಲ್ಲಲಿಲ್ಲ. ಕಾಳುಮೆಣಸು, ಜೀರಿಗೆ, ಒಣಶುಂಠಿಗಳಿಗೆ ಕೊಲ್ಲುವ ಶಕ್ತಿಯೂ ಇಲ್ಲ, ಅಂಥ ಜ್ವರದಿಂದ ಉಳಿಸುವ ಶಕ್ತಿಯೂ ಇಲ್ಲ. ಅದು ನುಂಗಿದ್ದು ಮೂರು ದಿನಗಳನ್ನು. ಆ ಮೂರು ದಿನ ಕೈಯಲ್ಲಿದ್ದಿದ್ದರೆ ಸುಲಭಾ ಬದುಕುತ್ತಿದ್ದಳೇ ಎಂಬುದಕ್ಕೆ ಖಚಿತ ಉತ್ತರ ಯಾರ ಬಳಿಯೂ ಇಲ್ಲ. ಕಾಶಿಗೆ ಸಮಾಧಾನವೆಂಬುದು ಸಿಗದೇ ಹೋದದ್ದೂ ಅದರಿಂದಲೇ.

ಕಿಶನ ಮತ್ತೆ ಮದುವೆಯಾದ. ಸತ್ತ ಮಗಳ ಜಾಗಕ್ಕೆ ಬಂದವಳನ್ನೂ ಮಗಳೆಂದೇ ಕಾಣುವ ರೂಢಿಯಂತೆ, ಹೊಸ ಹೆಂಡತಿ ವಿನುತಾ 2007ರ ಚೌತಿಯ ಮುಂಚೆ ತಾನಾಗಿಯೇ ಫೋನು ಮಾಡಿದಳು.

"ಆಯಿ, ಈ ಸಲ ನೀವು ಬರ್ಲೇಬೇಕು. ನಂಗೂ ನೀವು ತವರಲ್ವಾ? ಮಸಾಲೆ ಜೊತಿಗೆ ಆ ಕಷಾಯದ ಪುಡಿನೂ ತನ್ನಿ. ಪ್ರಗತಿಗೆ ನಾಕು ಹನಿ ಬಿದ್ರೆ ಸಾಕು, ಮೈ ಬಿಸಿ. ನಿಮ್ಮ ಪುಡಿಗೆ ಬೆವರು ಬಂದು ಜ್ವರ ಬಿಡ್ತದೆ, ಡಾಕ್ಟರ ಬಾಗಿಲೇ ಬೇಡ ಅಂತರು ಇವರು."

ವಿಷಯ ತಿಳಿದ ಪುಂಡಲೀಕ ಸುಲಭದ ದಾರಿ ತೋರಿಸಿದ: "ಬರೀ ಮಸಾಲೆ ತಕಂಡು ಹೋಗು. ಪುಡಿ ಮಾಡೂಕೆ ಆಗ್ಲಿಲ್ಲ ಅಂದ್ರೆ ಮುಗೀತು."

"ಪುಡಿ ಪೇಟೆಲೂ ಸಿಕ್ತದೆ. ಬೆವರು ಬಂದ್ರೆ ಆಯ್ತು ಅಂತ ಅವಳ ತಲೆಲಿ ಕೂತದೆಯಲ್ಲ, ಅದನ್ನ ಯಾರು ತೆಗೂದು?"

"ಹೇಳಿದ್ರೆ ಆ ಬಾಗಿಲು ಮುಚ್ಚತದೆ, ಕಾಶಿ. ಮೊಮ್ಮಗಳ ಮುಖ ನೋಡೂಕೆ ಸಿಗೂದಿಲ್ಲ."

ಮರುದಿನ ಕಾಶಿ ಬಾಣಲೆ ಇಟ್ಟು ಕೊತ್ತಂಬರಿ ಹುರಿದಳು.

ಅಂಕೋಲೆಯ ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಳಿದು ಕಿಶನನ ಮನೆ ಮುಟ್ಟಿದಾಗ ವಿನುತಾ ಓಡಿಬಂದು ಕೈಚೀಲ ಹಿಡಿದಳು. "ಮಸಾಲೆ ಇಷ್ಟೇನಾ ಆಯಿ? ನಿಮ್ಮ ಅಳಿಯನ ಹೊಟ್ಟೆಗೆ ಇದು ಎರಡು ದಿನಕ್ಕೂ ಸಾಕಾಗ."

"ನಿನ್ನ ಕೈ ಸಾರಿಗೆ ರುಚಿ ಬರೂಕೆ ಅಷ್ಟು ಸುರೀಲೇಬೇಕಲ್ಲ ಮಾರಾಯ್ತಿ," ಎಂದ ಕಿಶನ ಜಗಲಿಯಿಂದ.

ನಾಲ್ಕು ವರ್ಷದ ಪ್ರಗತಿ ಬಂದು ಕಾಶಿಯ ಮಡಿಲಲ್ಲಿ ಕುಳಿತಳು. ಮಗುವಿನ ಕೂದಲನ್ನು ಸವರುತ್ತ ಕಾಶಿ ಕಷಾಯದ ಪುಡಿಯ ಚೀಲವನ್ನು ಕೊಡದೆ ಹಿಡಿದುಕೊಂಡೇ ಇದ್ದಳು.

"ಇದನ್ನ ಕೊಡೂಕಿಂತ ಮುಂಚೆ ಒಂದು ಮಾತು ಅದೆ. ಸುಲಭಾಗೆ ಜ್ವರ ಬಂದದ್ದು ಹಿಂದಿನ ದಿನ ಅಲ್ಲ. ಮೂರು ದಿನ ನಾನೇ ಮನೇಲಿ ಇಟ್ಕಂಡಿದ್ದೆ. ಇದೇ ಪುಡಿ ಕುಡಿಸ್ದೆ. ಬೆವರ್ತು, ಬಿಡ್ತು ಅಂದ್ಕಂಡೆ. ಮೆಣಸು ಕುಡಿದ್ರೆ ಯಾರಾದ್ರೂ ಬೆವರ್ತರು. ಇದು ಗಂಟಲಿಗೆ, ಬಾಯಿ ರುಚಿಗೆ. ಪ್ರಗತಿಗೆ ಮೈ ಬಿಸಿಯಾದ್ರೆ ಆವತ್ತೇ ಡಾಕ್ಟರ ಹತ್ರ ಹೋಗಿ. ಬೆವರು ನಂಬ್ಬೇಡಿ."

ಒಳಗೆ ಅನ್ನ ಕುದಿಯುವ ಸದ್ದು ಕೇಳುತ್ತಿತ್ತು.

"ಮೂರು ದಿನ?" ಎಂದ ಕಿಶನ.

"ಹೌದು."

"ಆಸ್ಪತ್ರೆ ಬಾಗಿಲಲ್ಲಿ ನಿಂತು ನಂಗೆ ನಿನ್ನೆ ಅಂದ್ರಿ."

"ಅಂದೆ."

ಅವನು ಎದ್ದು ಬಂದು ಮಗುವನ್ನು ಎತ್ತಿಕೊಂಡ. ಒರಟಾಗಿ ಅಲ್ಲ, ಬೇರೆಯವರ ಮನೆಯಲ್ಲಿ ಮರೆತ ವಸ್ತುವನ್ನು ಮರಳಿ ಪಡೆಯುವವನಂತೆ. "ವಿನುತಾ, ಅವರಿಗೆ ಊಟ ಹಾಕು. ಕಾರವಾರದ ಬಸ್ಸು ಮೂರಕ್ಕೆ ಅದೆ," ಎಂದು ಒಳಗೆ ಹೋದ.

ಕ್ರಾಸಿನ ತನಕ ವಿನುತಾ ಕೊಡೆ ಹಿಡಿದು ಬಂದಳು. ಅವಳ ಕಣ್ಣು ಕೆಂಪಾಗಿತ್ತು. "ಎಂತಕೆ ಹೇಳಿದ್ರಿ ಆಯಿ? ಯಾರಿಗೂ ಗೊತ್ತಿರ್ಲಿಲ್ಲ."

"ನಿಂಗೆ ಗೊತ್ತಿರ್ಬೇಕಿತ್ತು," ಎಂದಳು ಕಾಶಿ.

ದೀಪಾವಳಿಗೆ ಫೋನು ಬರಲಿಲ್ಲ. ಸಂಕ್ರಾಂತಿಗೆ ಕಾಶಿ ತಾನೇ ಮಾಡಿದಳು. ಕಿಶನ ಅವಳ ಧ್ವನಿ ಕೇಳಿ ಇಟ್ಟುಬಿಟ್ಟ.

ಅದೇ ವರ್ಷದ ಜುಲೈ ತಿಂಗಳು, ಮಳೆಗೆ ಮೀನುಗಾರಿಕೆ ನಿಂತು ದೋಣಿಗಳು ದಡದಲ್ಲಿದ್ದ ಕಾಲ. ಕಾರವಾರದ ಪೇಟೆಯಲ್ಲಿ ಕಾಶಿ ಒಣಸಿಗಡಿ ಹರಡಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಕೂರುವ ಗಂಗೂ ಅಂಕೋಲೆಯ ನೆಂಟರ ಮನೆಗೆ ಹೋಗಿ ಬಂದಿದ್ದಳು.

"ಕಾಶಕ್ಕಾ, ನಿನ್ನ ಮೊಮ್ಮಗಳಿಗೆ ಜ್ವರ ಬಂದಿತ್ತಂತಲ್ಲ. ಈಗ ಆರಾಮದೆ, ಓಡಾಡ್ತದೆ. ನಿಂಗೆ ಯಾರೂ ಹೇಳ್ಲಿಲ್ವಾ?"

ಕಾಶಿಯ ಕೈ ಸಿಗಡಿಯ ರಾಶಿಯ ಮೇಲೆ ನಿಂತಿತು. "ಜ್ವರ ಬಂದು ಎಷ್ಟು ದಿನಕ್ಕೆ ಆಸ್ಪತ್ರೆಗೆ ಹೋದ್ರು?"

"ಅಯ್ಯ, ಎಷ್ಟು ದಿನ ಎಂತದು! ಸಂಜೆ ಮೈ ಬಿಸಿ, ಸಂಜೆನೇ ಕಿಶನ ಎತ್ಕಂಡು ಓಡಿದ್ನಂತೆ. ಸಣ್ಣ ಜ್ವರಕ್ಕೆ ಇಷ್ಟು ಗಡಿಬಿಡಿನಾ ಅಂತ ಅಲ್ಲಿಯವರೆಲ್ಲ ನಗಾಡ್ತರು."

"ನಗಾಡ್ಲಿ," ಎಂದಳು ಕಾಶಿ.

"ಚೌತಿ ಹತ್ರ ಬಂತಲ್ಲ, ಹೋಗಿ ನೋಡ್ಕಂಡು ಬರ್ತಿಯಾ?"

"ಇಲ್ಲ ಗಂಗೂ. ಕರೀಲಿಲ್ಲ."

ಗಿರಾಕಿಯೊಬ್ಬಳು ಬಂದು ಸಿಗಡಿಯ ದರ ಕೇಳಿದಳು. ಎರಡನೆಯ ಸಲ ಕೇಳಿದಾಗ ಕಾಶಿ ಸೆರಗಿನಿಂದ ಮುಖ ಒರೆಸಿಕೊಂಡು ದರ ಹೇಳಿದಳು.