ಮೂವತ್ತೆರಡನೆಯ ಗುರುತು

ಗೋಪಮ್ಮ ಸ್ಮಶಾನವನ್ನು ಹೆಜ್ಜೆಯಿಂದ ಅಳೆದವಳು. ಮಾನ್ವಿಯ ಗದ್ದೆಗಳಲ್ಲಿ ಕಳೆ ಕೀಳುವ ಕೂಲಿಯನ್ನು ಮೂರು ದಿನ ಬಿಟ್ಟು, ದೇವದುರ್ಗದ ಹೊರಗೆ ತಮ್ಮವರನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ, ಬೇವಿನ ಮರದಿಂದ ಒಂದೊಂದು ಗೋರಿಯವರೆಗೂ ನಡೆದು ಹೆಜ್ಜೆ ಎಣಿಸಿದ್ದಳು. ಗಂಡನದು ಒಂಬತ್ತನೆಯದು. ರಾಯಚೂರಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಮಗಳು ವಿಶಾಖಾ ಅದನ್ನೆಲ್ಲ ನಕ್ಷೆ ಮಾಡಿದ್ದಳು.

ಇಂದು ಅಲ್ಲಿ ಹಾಯುವ ಹೊಸ ರಸ್ತೆಯ ಬಗ್ಗೆ ಸರಕಾರಿ ಕಚೇರಿಯಲ್ಲಿ ವಿಚಾರಣೆ. ಮಧ್ಯಾಹ್ನ ಒಂದು ಗಂಟೆ ಹೊಡೆಯುವುದರೊಳಗೆ ರಸ್ತೆ ಕಂಪನಿಯ ಕಂಪ್ಯೂಟರಿನಲ್ಲೇ ನಕ್ಷೆ ತೋರಿಸಬೇಕು. ಇಲ್ಲವಾದರೆ ಖಾಲಿ ಜಾಗವೆಂದು ದಾಖಲು, ಆಮೇಲೆ ರಸ್ತೆ ಗೋರಿಗಳ ಮೇಲೂ ಹೋಗಬಹುದು.

ವಿಶಾಖಾ ತಾನು ಬರೆದ ನಕ್ಷೆಯ ಪ್ರೋಗ್ರಾಂ ತೆರೆದಳು. ಪರದೆ ಪೂರ್ತಿ ಕಪ್ಪು.

"ಗೋರಿ ತೋರಸ್ತೀವಂದ್ರಿ, ಅಮಾಸಿ ತೋರಸಾಕತ್ತೀರಲ್ಲ?" ಎಂದ ಕಂಪನಿಯ ಮೌನಪ್ಪ. ಹಿಂದೆ ಯಾರೋ ನಕ್ಕರು. ಗಡಿಯಾರದಲ್ಲಿ ಹನ್ನೆರಡೂಕಾಲು.

"ಏನಾತಬೇ?" ಗೋಪಮ್ಮ ಮಗಳ ಕಿವಿಯಲ್ಲಿ ಕೇಳಿದಳು.

"ಯವ್ವಾ, ಪರದೆ ಮ್ಯಾಲ ಚಿತ್ರ ಬಿಡಸೋ ಸಾಫ್ಟ್‌ವೇರು ಒಂದೊಂದು ಮಷೀನಿನ್ಯಾಗ ಒಂದೊಂದು ವರ್ಷನ್ ಇರ್ತದ. ರಾಯಚೂರಾಗ, ಮಾನ್ವ್ಯಾಗ ನಾಕನೇ ವರ್ಷನ್ ಇತ್ತು. ಇದು ಹಳೇ ಮಷೀನು, ಎರಡನೇದೇ ಅದ. ಇಲ್ಲಿ ಯಾವುದದ ಅಂತ ಕೇಳಲಾರದೆ ಎಲ್ಲಾ ಕಡೆ ನಾಕನೇದೇ ಇರ್ತದಂತ ತಿಳಕೊಂಡೆ."

"ಎರಡಿದ್ರ ಎರಡಕ್ಕ ತಕ್ಕಂಗ ಬರಿ. ಅವಸರ ಮಾಡಬ್ಯಾಡ."

ವಿಶಾಖಾ ತನ್ನ ಲ್ಯಾಪ್‌ಟಾಪಿನಲ್ಲಿ ತಿದ್ದಿ, ಪೆನ್‌ಡ್ರೈವಿನಲ್ಲಿ ಹಾಕಿ ತಂದಳು. ಕಪ್ಪು. ಮತ್ತೆ ತಿದ್ದಿದಳು. ಮತ್ತೆ ಕಪ್ಪು. ಗೋಪಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟು ಕೂತಳು. ಮೌನಪ್ಪ ಕಡತದ ದಾರ ಬಿಗಿಯತೊಡಗಿದ.

ಒಂದಕ್ಕೆ ಆರು ನಿಮಿಷ ಇರುವಾಗ ಪರದೆ ಬೆಳಗಿತು. ನೆರಳಿಲ್ಲ, ನುಣುಪಿಲ್ಲ, ಬೇವಿನ ಮರ ಬರೀ ಹಸಿರು ಚೌಕ. ಆದರೆ ಗೋರಿಗಳ ಗುರುತುಗಳಿದ್ದವು. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಬಸವಪ್ರಸಾದ ರಸ್ತೆಯ ಕೆಂಪು ಗೆರೆಯನ್ನು ಅದರ ಮೇಲೆ ತಂದ.

"ನೋಡ್ರಿ, ಮೂವತ್ತೊಂದು. ಒಂದಕ್ಕೂ ರಸ್ತೆ ತಾಗಂಗಿಲ್ಲ. ಸಹಿ ಮಾಡ್ರಿ, ಮುಗೀತು."

ವಿಶಾಖಾ ಉಸಿರು ಬಿಟ್ಟಳು. ಗೋಪಮ್ಮ ಮಾತ್ರ ಎದ್ದು, ಪರದೆಗೆ ಬೆರಳು ತಾಗಿಸಿ ಒಂದೊಂದೇ ಎಣಿಸಿದಳು.

"ಮೂವತ್ತೆರಡು ಇರಬೇಕ್ರಿ ಸಾಹೇಬ್ರ. ಉರುಕುಂದಪ್ಪನ ಕೂಸಿಂದು ಇಲ್ಲ. ಮರದಿಂದ ಮೂಡಲಕ್ಕ ನಲವತ್ತೊಂದು ಹೆಜ್ಜಿ."

"ಯವ್ವಾ, ಅದು ಗೇಣುದ್ದ ಗೋರಿ," ವಿಶಾಖಾ ಪಿಸುಗುಟ್ಟಿದಳು. "ಈ ಹಳೇದ್ರಾಗ ಅಷ್ಟು ಸಣ್ಣದು ಕಾಣಂಗಿಲ್ಲ. ಸುಮ್ನಿರಬೇ, ಈಗ ಎಲ್ಲಾ ಸರಿಹೋಗ್ಯಾದ."

"ಆ ಕೂಸಿನ ಅವ್ವ ಅಪ್ಪ ದುಡಿಯಾಕ ಪುಣೆಕ್ಕ ಹೋಗ್ಯಾರ. ನಾ ಹೇಳದಿದ್ರ ಯಾರು ಹೇಳಬೇಕು?"

ಮಗಳು ತಾಯಿಯ ಮುಖ ನೋಡಿ ಗುರುತಿನ ಅಳತೆ ದೊಡ್ಡದು ಮಾಡಿದಳು. ಮೂವತ್ತೆರಡನೆಯ ಚುಕ್ಕಿ ಮೂಡಿತು, ಕೆಂಪು ಗೆರೆಯ ನಟ್ಟನಡುವೆ.

ಬಸವಪ್ರಸಾದ ಗಡಿಯಾರ ನೋಡಿದ, ಗೋಪಮ್ಮನನ್ನು ನೋಡಿದ. ಬರೆದಿದ್ದ ಮೂವತ್ತೊಂದನ್ನು ಹೊಡೆದುಹಾಕಿ, "ಮೌನಪ್ಪ, ಕಡತ ಬಿಚ್ಚರಿ. ಗೆರಿ ಆಚಿ ಸರಸಬೇಕು," ಎಂದ.

ಗೆರೆ ಸರಿದ ಮೇಲೆ ಗೋಪಮ್ಮ ಮತ್ತೊಮ್ಮೆ ಮೊದಲಿಂದ ಎಣಿಸಿದಳು. ಆಮೇಲೆ ಹೆಬ್ಬೆಟ್ಟು ಮುಂದೆ ಮಾಡಿದಳು.