ಮೇಣದಕ್ಕ ಎತ್ತಿಟ್ಟ ಹನ್ನೆರಡು ಗಾಜು

ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಮೇಣದಕ್ಕ ಎಂದೇ. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ಯಂತ್ರದ ಅಲಗಿಗೆ ಕೊಟ್ಟು, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹರಡುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ. ರೋಗ ಯಾವುದೆಂದು ಹೇಳುವವರು ಡಾಕ್ಟರು. ಅದು ಅವರ ಕಣ್ಣಿಗೆ ಬೀಳುವಂತೆ ಮಾಡುವವಳು ಇವಳು.

ಯಂತ್ರದ ಮುಂದೆ ಕೂತಳೆಂದರೆ ಫ್ಯಾನ್ ಆರಿಸಬೇಕು, ಯಾರೂ ಬಾಗಿಲು ತೆರೆಯಬಾರದು. "ಒಂದು ಸೀನು ಬಂದ್ರೆ ಸಾಕು, ಒಬ್ಬರ ಹಣೆಬರಹ ಹಾರಿಹೋಗುತ್ತೆ" ಎನ್ನುತ್ತಿದ್ದಳು. ಸುಮ್ಮನೆ ಆಡಿದ ಮಾತಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಂದು ಸಣ್ಣ ಚೂರನ್ನು ಅವಸರಕ್ಕೆ ಬಿದ್ದು ಕೆಡಿಸಿದ್ದಳು. ಆ ರೋಗಿಗೆ ಮತ್ತೆ ಸೂಜಿ ಚುಚ್ಚಬೇಕಾಯಿತು. ಒಳಗೆ ರಕ್ತ ಸೋರಿ ಎಂಟು ದಿನ ಹಾಸಿಗೆ ಹಿಡಿದ. ಯಾರೂ ಕೇಳಿರಲಿಲ್ಲ, ಅವಳೇ ಹೋಗಿ ತಪ್ಪು ಒಪ್ಪಿಕೊಂಡಿದ್ದಳು.

ಒಂದು ಬೆಳಿಗ್ಗೆ ಪ್ರಯೋಗಾಲಯದ ಕಿಟಕಿಗೆ ಬಸ್ ಡ್ರೈವರ್ ಒಬ್ಬ ಬಂದ. ನಲವತ್ತರ ಆಸುಪಾಸು. ಜೊತೆಯಲ್ಲಿ ಲಾಂಡ್ರಿ ಇಟ್ಟುಕೊಂಡಿದ್ದ ಅವನ ಅಕ್ಕ. ಬೇರೊಂದು ಆಸ್ಪತ್ರೆಯಲ್ಲಿ ಸೂಜಿಯಿಂದ ತೆಗೆದ ಯಕೃತ್ತಿನ ಚೂರು ಹುದುಗಿದ್ದ ಮೇಣದ ಬಿಲ್ಲೆಯನ್ನೂ ಅಲ್ಲಿ ಮಾಡಿದ್ದ ಗಾಜುಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ತಂದಿದ್ದರು.

"ಅಲ್ಲಿ ಏನಂದ್ರು?" ಎಂದು ಮೇಣದಕ್ಕ ಕೇಳಿದಳು.

"ಲಿವರಲ್ಲಿ ಒಂಬತ್ತು ಗಡ್ಡೆ ಇದೆಯಂತೆ. ಬೇರೆ ಎಲ್ಲಿಂದಲೋ ಹರಡಿರೋ ಕ್ಯಾನ್ಸರ್ ಅಂದ್ರು. ಎಲ್ಲಿಂದ ಅಂತ ಹುಡುಕಿದ್ರು, ಸಿಗಲಿಲ್ಲ. ನಾಲ್ಕು ತಿಂಗಳು ಅಂದಿದ್ರು. ಇದು ಏಳನೇ ತಿಂಗಳು."

ಅಕ್ಕ ನಡುವೆ ಬಾಯಿ ಹಾಕಿದಳು. "ನೋಡಿ, ಗುಂಡುಕಲ್ಲಿನ ಹಾಗಿದಾನೆ. ಮೂರು ಹೊತ್ತೂ ಉಣ್ತಾನೆ, ನನ್ನ ಜೊತೆ ಜಗಳಾನೂ ಆಡ್ತಾನೆ. ಸಾಯೋನು ಇಷ್ಟು ಜಗಳ ಆಡ್ತಾನಾ?"

ಮೇಣದಕ್ಕ ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. ಅಲ್ಲಿಯವರು ಮನಸ್ಸಿಗೆ ಬಂದಂತೆ ಕೊಯ್ದಿದ್ದರು. ಮೇಣದೊಳಗೆ ಉಳಿದದ್ದು ಹರಿದ ದಾರದ ಎಳೆಯಷ್ಟು.

ಅಲ್ಲಿಂದ ತಂದ ಹಳೆಯ ಗಾಜುಗಳನ್ನು ನೋಡಿದ ಪ್ರಯೋಗಾಲಯದ ಡಾಕ್ಟರಮ್ಮ, ಕ್ಯಾನ್ಸರಿನ ಮೂಲ ತೋರಿಸುವ ನಾಲ್ಕು ಬಗೆಯ ಬಣ್ಣ ಹಾಕಿ ನೋಡಬೇಕೆಂದರು. ವಯಸ್ಸು ಚಿಕ್ಕದು, ಮಾತು ಖಡಕ್ಕು. "ನಾಲ್ಕೇ ಗಾಜು ಮಾಡಿ. ಉಳಿದದ್ದು ಹಾಗೇ ಇರಲಿ" ಎಂದು ಚೀಟಿ ಬರೆದು ವಿದ್ಯಾರ್ಥಿಗಳಿಗೆ ಪಾಠ ಮಾಡಲು ಹೋದರು.

ಮೇಣದಕ್ಕನಿಗೆ ಅದು ಸರಿ ಕಾಣಲಿಲ್ಲ. ಬಿಲ್ಲೆಯನ್ನು ಇಳಿಸಿ ಮತ್ತೊಂದು ದಿನ ಯಂತ್ರಕ್ಕೆ ಏರಿಸಿದರೆ, ಮುಖ ಸಮ ಮಾಡುವುದರಲ್ಲೇ ಇದ್ದದ್ದೂ ಹೋಗುತ್ತದೆ. ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಮಂಜುಗಡ್ಡೆಯ ಮೇಲಿಟ್ಟು ತಣಿಸಿದ್ದ ಬಿಲ್ಲೆ ಯಂತ್ರಕ್ಕೆ ಏರಿಯಾಗಿತ್ತು. ಬೆಚ್ಚಗಾದರೆ ಕೊಯ್ಯಲು ಬಾರದು. ಉಸಿರು ಬಿಗಿಹಿಡಿದು ಒಂದೇ ಪಟ್ಟಿಗೆ ಕೊಯ್ದಳು. ಹದಿನಾರು ಗಾಜಾದವು. ಹದಿನೇಳನೆಯದರಲ್ಲಿ ಬರೀ ಮೇಣ.

ಸಂಜೆ ಡಾಕ್ಟರಮ್ಮನ ಪಿತ್ತ ನೆತ್ತಿಗೇರಿತು. "ನಾನು ಹೇಳಿದ್ದೇನು, ನೀವು ಮಾಡಿದ್ದೇನು? ಬಿಲ್ಲೆ ಖಾಲಿ!"

"ಚೂರು ಎಲ್ಲಿಗೂ ಹೋಗಿಲ್ಲ ಡಾಕ್ಟ್ರೇ, ಗಾಜಿನ ಮೇಲಿದೆ. ಹನ್ನೆರಡು ಬಣ್ಣ ಹಾಕದೇ ಎತ್ತಿಟ್ಟಿದೀನಿ."

"ನಿಮ್ಮನ್ನ ಕೇಳಿದ್ನಾ?"

ಮೇಣದಕ್ಕ ಆ ಗಾಜುಗಳ ಪೆಟ್ಟಿಗೆಯ ಮೇಲೆ ರೋಗಿಯ ನಂಬರು ಬರೆದು ಕಪಾಟಿನಲ್ಲಿಟ್ಟಳು. ಆದರೆ ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಇಪ್ಪತ್ತು ವರ್ಷ ಚಿಕ್ಕವರ ಕೈಲಿ ಬೈಸಿಕೊಂಡದ್ದಕ್ಕಲ್ಲ, ತಾನೇ ತಪ್ಪಿದ್ದರೆ ಎಂಬ ಅಳುಕಿಗೆ.

ಮೂರನೇ ದಿನ ನಾಲ್ಕು ಬಣ್ಣಗಳ ಫಲಿತಾಂಶ ಬಂತು. ಕರುಳಿನ ಕ್ಯಾನ್ಸರ್ ಅಲ್ಲ, ಶ್ವಾಸಕೋಶದ್ದಲ್ಲ, ಯಕೃತ್ತಿನ ಮಾಮೂಲಿ ಕ್ಯಾನ್ಸರ್ ಅಲ್ಲ, ಪಿತ್ತನಾಳದ್ದೂ ಅಲ್ಲ. ಡಾಕ್ಟರಮ್ಮ ಹಳೆಯ ಗಾಜನ್ನೇ ಮತ್ತೆ ಹಾಕಿಕೊಂಡು ಒಂದು ಗಂಟೆ ಕೂತರು. ಆಮೇಲೆ ಬಾಗಿಲಲ್ಲಿ ತಲೆ ಹಾಕಿ, "ಒಂದ್ನಿಮಿಷ ಬನ್ನಿ" ಎಂದರು.

ಮೇಣದಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಒಂದು ಜೀವಕೋಶದ ಹೊಟ್ಟೆಯಲ್ಲಿ ಸಣ್ಣ ತೂತು; ತೂತಿನೊಳಗೆ ಒಂದೇ ಒಂದು ಕೆಂಪು ರಕ್ತಕಣ.

"ರಕ್ತನಾಳದ ಗೋಡೆಯಿಂದ ಹುಟ್ಟೋ ಗಡ್ಡೆ ಇರಬಹುದು. ತುಂಬಾ ಅಪರೂಪ. ಪುಸ್ತಕದಲ್ಲಿ ಓದಿದೀನಿ ಅಷ್ಟೇ" ಎಂದ ಡಾಕ್ಟರಮ್ಮ ಕೇಳಿದರು, "ಆ ಹನ್ನೆರಡು ಗಾಜು ಇದೆಯಲ್ಲಾ?"

"ಇದೆ ಡಾಕ್ಟ್ರೇ."

"ಐದು ಕೊಡಿ."

ರಕ್ತನಾಳದ ಕೋಶಗಳನ್ನು ಹಿಡಿಯುವ ಬಣ್ಣಗಳು ಕಂದಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ ಮೂಡಿದವು. ಮರುವಾರವೇ ಡಾಕ್ಟರಮ್ಮ ಹೊಸ ಸೂಚನೆ ಅಂಟಿಸಿದರು: ಸೂಜಿಯ ಚೂರು ಬಂದರೆ ಹೆಚ್ಚುವರಿ ಗಾಜುಗಳನ್ನೂ ಒಂದೇ ಸಲಕ್ಕೆ ಕೊಯ್ದಿಡತಕ್ಕದ್ದು. ಕ್ಷಮೆ ಕೇಳಲಿಲ್ಲ. ಅದನ್ನು ಓದಿದ ಮೇಣದಕ್ಕನಿಗೆ ಅಷ್ಟೇ ಸಾಕಾಗಿತ್ತು.

ಇದೂ ಕ್ಯಾನ್ಸರೇ, ಆದರೆ ಇವನಲ್ಲಿ ಆಮೆ ನಡಿಗೆಯದು. ಗಡ್ಡೆಗಳು ಯಕೃತ್ತಿನ ಎರಡೂ ಬದಿಗೆ ಹಂಚಿದ್ದರಿಂದ ಕತ್ತರಿಸಿ ತೆಗೆಯುವಂತಿರಲಿಲ್ಲ. ಇಡೀ ಯಕೃತ್ತನ್ನೇ ಬದಲಿಸಬೇಕಿತ್ತು. ಅಕ್ಕನ ಯಕೃತ್ತಿನ ಒಂದು ಭಾಗ ತೆಗೆದು ಜೋಡಿಸಬಹುದಿತ್ತು, ಅದು ಹೊಂದಿತು. ಡ್ರೈವರ್ ಮಾತ್ರ ಒಪ್ಪಲಿಲ್ಲ. "ಅಕ್ಕನ ಹೊಟ್ಟೆ ಕುಯ್ಯಿಸಿ ನಾನು ಬದುಕ್ಬೇಕಾ?" ಎಂದು ಹಟ ಹಿಡಿದ. ಅಕ್ಕ ಜಗಳವಾಡಲಿಲ್ಲ, ಮಾತೇ ಬಿಟ್ಟಳು. ಹುಟ್ಟಿದಾಗಿನಿಂದ ಅವಳ ಬಾಯಿ ಕೇಳಿಯೇ ಬೆಳೆದವನಿಗೆ ಆ ಮೌನ ತಡೆಯಲಾಗಲಿಲ್ಲ. ಹನ್ನೊಂದನೇ ದಿನ ಒಪ್ಪಿದ.

"ಚಿಕ್ಕೋನಾಗಿದ್ದಾಗ ನನ್ನ ತಟ್ಟೆಯಿಂದ ಕಿತ್ಕೊಂಡು ತಿಂತಿದ್ದ. ಈಗ ಹೊಟ್ಟೆಯೊಳಗಿಂದಾನೇ ಕಿತ್ಕೊಳ್ತಿದಾನೆ" ಎಂದು ಅಕ್ಕ ನರ್ಸುಗಳಿಗೆಲ್ಲ ಹೇಳಿಕೊಂಡು ಬಂದಳು.

ಆಪರೇಷನ್ ಆದ ದಿನ ಡ್ರೈವರನ ಹಳೆಯ ಯಕೃತ್ತು ಬಕೆಟ್ಟಿನಲ್ಲಿ ನೆಲಮಾಳಿಗೆಗೆ ಬಂತು. ಎಳೆಯಷ್ಟೇ ಕಂಡಿದ್ದುದನ್ನು ಮೇಣದಕ್ಕ ಇಡಿಯಾಗಿ ನೋಡಿದಳು: ಕಂದು ಮಾಂಸದ ನಡುವೆ ಬೆಳ್ಳಗೆ, ಗಟ್ಟಿಯಾಗಿ ಒಂಬತ್ತಲ್ಲ, ಹದಿಮೂರು ಗಂಟು. ಅದೇ ರೋಗವೆಂದು ಖಚಿತವಾಯಿತು.

ಹದಿನಾಲ್ಕು ತಿಂಗಳ ಮೇಲೆ ಡ್ರೈವರ್ ಮತ್ತೆ ಬಸ್ ಹತ್ತಿದ. ನಾಲ್ಕನೇ ವರ್ಷದ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಎರಡು ಚುಕ್ಕೆ ಕಂಡವು. ಆರು ತಿಂಗಳು ಬಿಟ್ಟು ನೋಡಿದರೂ ಅಷ್ಟೇ ಇದ್ದವು. ಸದ್ಯಕ್ಕೆ ಕಾದು ನೋಡೋಣ ಎಂದರು ಡಾಕ್ಟರು. ಅವತ್ತು ಅಕ್ಕ ತಮ್ಮ ಇಬ್ಬರೂ ಮೇಣದಕ್ಕನನ್ನು ಕಂಡುಹೋಗಲು ಕಿಟಕಿಗೆ ಬಂದಿದ್ದರು.

"ಭಯ ಆಗಲ್ವಾ?" ಎಂದು ಮೇಣದಕ್ಕ ಕೇಳಿದಳು.

"ಆಗುತ್ತೆ. ಆದ್ರೆ ಇಬ್ಬರು ಪ್ಯಾಸೆಂಜರ್ ಇದಾರೆ ಅಂತ ಬಸ್ ನಿಲ್ಸೋಕಾಗುತ್ತಾ? ಕೂತಿರ್ಲಿ."

ಅಕ್ಕ ಅವನ ತಲೆಗೊಂದು ಮೊಟಕಿ, ಮುಂದಿನ ತಪಾಸಣೆಯ ಚೀಟಿಯನ್ನು ಕಸಿದು ತನ್ನ ಕೈಚೀಲಕ್ಕೆ ಹಾಕಿಕೊಂಡಳು.