ಗ್ರಹ ಮಾರುವವನಿಗೆ ಹೆಣ್ಣು ಕೊಟ್ಟರು

ನನ್ನ ಮೊಮ್ಮಗನಿಗೆ ಹೆಣ್ಣು ಗೊತ್ತಾಯಿತು! ನಿನ್ನೆ ಸಂಜೆ, ನಮ್ಮ ಇಟ್ಟಮಡುವಿನ ಮನೆಯಲ್ಲೇ, ಟಿವಿಯ ಮುಂದೆಯೇ ಗೊತ್ತಾಯಿತು. ಮಡಿವಾಳದ ಹುಡುಗಿ, ಟೈಪಿಂಗ್ ಕಲಿತವಳು, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ಬೆಳಗಾಗುತ್ತಲೇ ಹಾಲಿನವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ಮೀಟರ್ ನೋಡಲು ಬಂದವನ ಬಾಯಿಗೂ ಸಕ್ಕರೆ ಹಾಕಿ ಹೇಳಿದೆ. ಇನ್ನು ಹೇಳಲು ಬೀದಿಯಲ್ಲಿ ಯಾರೂ ಉಳಿದಿಲ್ಲವೆಂದು ಬರೆಯಲು ಕೂತಿದ್ದೇನೆ. ನಾನು ಶಾಲೆಗೆ ಹೋದದ್ದು ಕಡಿಮೆ. ಅಕ್ಷರ ಒಂದರ ಮೇಲೊಂದು ಹತ್ತಿದ್ದರೆ ಸಂತೋಷದ ನೂಕುನುಗ್ಗಲು ಅಂದುಕೊಳ್ಳಿ.

ನಮ್ಮ ಹುಡುಗನಲ್ಲಿ ಹೆಣ್ಣು ಕೊಡದೆ ಇರುವಂಥ ದೋಷ ಏನೂ ಇಲ್ಲ. ಕಾರ್ಖಾನೆಯಲ್ಲಿ ಕೆಲಸ, ಬೀಡಿ ಸಿಗರೇಟು ಮುಟ್ಟುವುದಿಲ್ಲ, ನಾನು ಕರೆದರೆ ಎರಡನೇ ಸಲ ಕರೆಯಬೇಕಾಗಿಲ್ಲ. ಅವನ ಒಂದೇ ತಂಟೆ ಎಂದರೆ ಅವನು ಟಿವಿಯಲ್ಲಿ ಮೋಸಗಾರ.

ನಾಟಕದ ಹುಚ್ಚು ಅವನಿಗೆ ಚಿಕ್ಕಂದಿನಿಂದ ಇತ್ತು. ಯಾರೋ ನೋಡಿ ಮೆಚ್ಚಿ ಟಿವಿ ಧಾರಾವಾಹಿಗೆ ಹಾಕಿಕೊಂಡರು. ವಾರಕ್ಕೊಂದು ಸಂಜೆ ಬರುತ್ತದೆ. ಅದರಲ್ಲಿ ಇವನು ತಗಡಿನ ರಾಕೆಟ್ಟಿನಲ್ಲಿ ಗ್ರಹದಿಂದ ಗ್ರಹಕ್ಕೆ ತಿರುಗುವ ಮಾತಿನ ಮಲ್ಲ. ಇಳಿದಲ್ಲೆಲ್ಲ ಒಂದು ಹೊಸ ಹೆಸರು ಹೇಳಿಕೊಳ್ಳುತ್ತಾನೆ, ಇಲ್ಲದ್ದನ್ನೆಲ್ಲ ಮಾರುತ್ತಾನೆ. ಚಂದ್ರನೇ ಇಲ್ಲದ ಗ್ರಹದಲ್ಲಿ ಬೆಳದಿಂಗಳನ್ನು ಬಾಟಲಿಯಲ್ಲಿ ತುಂಬಿ ಮಾರಿದ. ಇನ್ನೊಂದು ಕಡೆ ಜನರಿಗೆ ಅವರವರ ನೆರಳನ್ನೇ ಬಾಡಿಗೆಗೆ ಕೊಟ್ಟ. ಅವನು ಮೋಸ ಮಾಡುವುದು ದುರಾಸೆಯವರಿಗೆ, ಗಳಿಸಿದ್ದನ್ನು ಯಾವುದೋ ಮಗುವಿನ ಅಳು ನೋಡಲಾರದೆ ಕೊಟ್ಟುಬಿಟ್ಟು ಮತ್ತೆ ಖಾಲಿ ಜೇಬಿನಲ್ಲಿ ಹೊರಡುವುದು. ನೋಡಿದವರು ಬೈಯುತ್ತಲೇ ಮುದ್ದು ಮಾಡುವಂಥ ಪಾತ್ರ. ಆ ರಾಕೆಟ್ಟಿನ ಮೂತಿ ಯಾವುದು ಗೊತ್ತೇ? ನಮ್ಮ ಮನೆಯ ದೊಡ್ಡ ಇಡ್ಲಿ ಪಾತ್ರೆ. 'ಎರಡು ದಿನ ಅಜ್ಜಿ' ಎಂದು ತೆಗೆದುಕೊಂಡು ಹೋದವನು ಇನ್ನೂ ವಾಪಸು ತಂದಿಲ್ಲ. ಆವತ್ತಿನಿಂದ ಮನೆಯಲ್ಲಿ ಬರೀ ದೋಸೆ.

ಬೀದಿಯಲ್ಲಂತೂ ಜನ ಅವನನ್ನು ನೆಟ್ಟಗೆ ನಡೆಯಲು ಬಿಡುತ್ತಿರಲಿಲ್ಲ. ಒಮ್ಮೆ ಜಯನಗರ ನಾಲ್ಕನೇ ಬ್ಲಾಕಿಗೆ ತರಕಾರಿಗೆಂದು ಜೊತೆಯಲ್ಲಿ ಹೋಗಿದ್ದೆ. ಸೊಪ್ಪಿನವಳು ಇವನನ್ನು ಕಂಡದ್ದೇ ಬುಟ್ಟಿಯ ಮೇಲೆ ಸೆರಗು ಹಾಕಿದಳು.

"ಅಜ್ಜೀ, ಇವ್ರನ್ನ ಆ ಕಡೆ ನಿಲ್ಸಿ. ನನ್ ಸೊಪ್ನ ನಂಗೇ ಮಾರ್ಬಿಡ್ತಾರೆ!"

"ಅಕ್ಕಾ, ಸೊಪ್ಪು ಬೇಡ. ಆ ಬಿಸಿಲು ನಿಮ್ದೇನಾ? ಎಷ್ಟಕ್ಕೆ ಕೊಡ್ತೀರಾ?" ಎಂದ ಇವನು.

ಅವಳು ನಕ್ಕು ನಕ್ಕು ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಹೆಚ್ಚಿಗೆ ಹಾಕಿದಳು.

ಮಡಿವಾಳಕ್ಕೆ ಹೆಣ್ಣು ನೋಡಲು ಹೋದಾಗಲೂ ಹೀಗೆಯೇ. ಹುಡುಗಿಯ ಅಜ್ಜಿ ಬಾಗಿಲಲ್ಲೇ, "ಅಯ್ಯೋ, ನಮ್ ಟಿವಿ ಕಳ್ಳ!" ಎಂದು ಕೈ ತಟ್ಟಿ ನಕ್ಕರು. ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಆಯಿತು. ಊಟ ಮಾಡಲಿಲ್ಲ. ನಮ್ಮಲ್ಲಿ ಸಂಬಂಧ ಕುದುರುವ ತನಕ ಎರಡೂ ಕಡೆಯವರು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಎಲೆ ಮುಂದೆ ಕೂರುವುದಿಲ್ಲ. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಆ ಮನೆಯಲ್ಲಿ ಅಜ್ಜಿಯ ಮಾತೇ ಕೊನೆ ಮಾತು, ಅದೊಂದು ಬರಬೇಕಿತ್ತು. ಬರುವ ವಾರ ಹೇಳಿ ಕಳಿಸುತ್ತೇವೆ ಎಂದರು. ಬಸ್ಸಿನಲ್ಲಿ ಬರುವಾಗ ನಮ್ಮ ಹುಡುಗ ಕಿಟಕಿಯ ಕಡೆ ಮುಖ ಮಾಡಿ ಒಬ್ಬನೇ ನಗುತ್ತಿದ್ದ. ಚಪ್ಪರ ಎಲ್ಲಿ ಹಾಕಿಸುವುದೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಆ ವಾರದ ಕಂತಿನಲ್ಲೇ ಎಡವಟ್ಟಾಯಿತು. ದೊಡ್ಡ ಕಿವಿಯ ಜನರ ಗ್ರಹದಲ್ಲಿ ಇಳಿದ ನಮ್ಮ ಮಹಾರಾಯ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಮೂಲೆಗೊಂದು ಕಲ್ಲು ನೆಟ್ಟು, ಒಂದೇ ಸೈಟನ್ನು ಇಬ್ಬರಿಗೆ ಮಾರಿದ! ಎರಡು ಸಂಸಾರವೂ ಒಂದೇ ಹೊತ್ತಿಗೆ ಪೂಜೆ ಸಾಮಾನು ಹಿಡಿದು ಬಂದವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಸೇರಿ ಇವನನ್ನು ಅಟ್ಟಿಸಿಕೊಂಡು ಹೋದರು. ಇವನು ರಾಕೆಟ್ ಹತ್ತಿದರೆ ಅದು ಹೊರಡಲೊಲ್ಲದು. ಅಲ್ಲಿಗೆ ನಿಲ್ಲಿಸಿದರು. ಮುಂದಿನ ವಾರ ಕೊನೆಯ ಕಂತು. ನಾವು ಬಿದ್ದು ಬಿದ್ದು ನಕ್ಕೆವು. ಮಡಿವಾಳದಲ್ಲಿ ಟಿವಿ ಆರಿಸಿದ್ದರಂತೆ.

ಹೇಳಿ ಕಳಿಸುವ ಬದಲು ನಿನ್ನೆ ಮಧ್ಯಾಹ್ನ ಅಜ್ಜಿಯೇ ಬಂದರು, ಜೊತೆಗೆ ಅವರ ಮಗ, ಎಂದರೆ ಹುಡುಗಿಯ ಅಪ್ಪ. ನಾನು ನೆನೆಹಾಕಿದ ಅವರೆಕಾಳು ಹಿದುಕುತ್ತ ಕೂತಿದ್ದೆ. ಕಾಫಿ ಬೇಡವೆಂದರು.

"ಅಕ್ಕಾ, ತಪ್ಪು ತಿಳ್ಕೋಬ್ಯಾಡಿ. ಈ ಸಂಬಂಧ ನಮಗೆ ಬ್ಯಾಡ."

"ಯಾಕಮ್ಮಾ, ಹುಡುಗನ ಮೇಲೆ ಯಾರಾದ್ರೂ ಚಾಡಿ ಹೇಳಿದ್ರಾ?"

"ಯಾರು ಹೇಳ್ಬೇಕು? ಕಣ್ಣಾರೆ ನೋಡಿದ್ನಲ್ಲ. ಒಂದೇ ಸೈಟು, ಇಬ್ಬರಿಗೆ!"

"ಅದು ಟಿವಿ ಕಣಮ್ಮಾ!"

"ಟಿವಿ ಅಂತ ನಂಗೂ ಗೊತ್ತು, ನಾನೇನು ಪೆದ್ದೀನಾ?" ಎಂದರು. ಆಮೇಲೆ ತಮ್ಮ ಕಥೆ ಹೇಳಿದರು. ಅವರ ಹೊಲ ಬಡಾವಣೆಗೆ ಹೋದಾಗ ಬಂದ ಹಣದಲ್ಲಿ ಯಜಮಾನರು ಜೆಪಿ ನಗರದ ಆಚೆ ಒಂದು ಸೈಟು ತೆಗೆದಿದ್ದರು. ಗುದ್ದಲಿ ಪೂಜೆಗೆ ಹೋದರೆ ಅದೇ ಕಲ್ಲುಗಳ ನಡುವೆ ಇನ್ನೊಂದು ಸಂಸಾರ ತೆಂಗಿನಕಾಯಿ ಹಿಡಿದು ನಿಂತಿತ್ತು. ಇವರ ಪುರೋಹಿತರು, ಅವರ ಪುರೋಹಿತರು, ಇಬ್ಬರೂ ಒಂದೇ ಗುಂಡಿಗೆ ಮಂತ್ರ ಹೇಳುವುದಕ್ಕೆ ತಯಾರು. ಬ್ರೋಕರು ಊರಲ್ಲೇ ಇರಲಿಲ್ಲ. ಸೈಟು ಆ ಸಂಸಾರದ ಪಾಲಾಯಿತು.

"ಅವ್ನೂ ಹಿಂಗೇ ನಗ್ತಿದ್ದ ಅಕ್ಕಾ. ಬಂದಾಗೆಲ್ಲ ನಾನೇ ಮಜ್ಜಿಗೆ ಕೊಟ್ಟಿದ್ದೆ. ಎಷ್ಟು ಒಳ್ಳೇ ಹುಡ್ಗ ಅಂತಿದ್ದೆ. ಈಗ ನಿಮ್ ಮೊಮ್ಮಗನ್ನ ವಾರ ವಾರ ನೋಡ್ತೀನಿ, ನಗ್ತೀನಿ. ಅದೇ ನಂಗೆ ಭಯ. ನಂಗೆ ಇಷ್ಟ ಆಗೋರ ಮೇಲೆ ನಂಗೇ ನಂಬಿಕೆ ಇಲ್ಲ."

ಪಾತ್ರ ಬೇರೆ, ಮನುಷ್ಯ ಬೇರೆ ಎಂದು ಹೇಳಬಹುದಿತ್ತು. ಅದು ಅವರಿಗೇ ಗೊತ್ತು. ನಾನು ಕಾಳು ಹಿದುಕುತ್ತಲೇ ಹೋದೆ. ನೋಡುತ್ತೇನೆ, ಅವರ ಕೈಯೂ ನನ್ನ ಬಟ್ಟಲಿಗೆ ಬಂದು ಹಿದುಕುತ್ತಿದೆ. ಕಾಫಿ ಬೇಡವೆಂದವರಿಗೆ ಕಾಳು ಬೇಡವಾಗಲಿಲ್ಲ.

ಅಷ್ಟರಲ್ಲಿ ಹುಡುಗ ಕೆಲಸ ಮುಗಿಸಿ ಬಂದ. ಬಾಗಿಲಲ್ಲೇ ತಡೆದು ವಿಷಯ ಪಿಸುಗುಟ್ಟಿದೆ. ಮುಖ ಸಣ್ಣದಾಯಿತು. ಆದರೂ ಬಂದು ಕಾಲಿಗೆ ನಮಸ್ಕಾರ ಮಾಡಿ, ಅವನೂ ಬಟ್ಟಲಿನ ಮುಂದೆ ಕೂತ.

ಅಜ್ಜಿ ಅವನನ್ನು ಓರೆಗಣ್ಣಲ್ಲಿ ನೋಡಿದರು. "ಏನೋ, ಇವತ್ತು ಸಿಕ್ಕಿ ಬೀಳ್ತೀಯೋ, ಹಾರೋಗ್ತೀಯೋ?"

"ಯಾರಜ್ಜಿ, ನಾನಾ?"

"ನೀನೇ! ರಾಕೆಟ್ಟು. ಆ ಇಬ್ಬರಲ್ಲಿ ಮೋಸ ಹೋದೋರಿಗೆ ಏನ್ ಗತಿ?"

"ಹೇಳೋ ಹಾಗಿಲ್ಲ ಅಜ್ಜಿ. ಯಾರಿಗೂ ಹೇಳಲ್ಲ ಅಂತ ಅಲ್ಲಿ ಮಾತು ಕೊಟ್ಟಿದೀನಿ."

"ನಾನೇನು ಪೇಪರ್ನೋರಿಗೆ ಹೇಳ್ತೀನಾ? ಹೇಳು. ನೀನು ಹೇಳೋದು ಕೇಳಿ ಹುಡುಗಿ ಕೊಡೋದೋ ಬಿಡೋದೋ ನೋಡ್ತೀನಿ."

ನನಗೆ ತಡೆಯಲಾಗಲಿಲ್ಲ. "ಹೇಳ್ಬಿಡೋ ನನ್ನಪ್ಪಾ! ಇನ್ನೇನು, ಸಂಜೆ ಎಲ್ರೂ ನೋಡ್ತಾರೆ!" ಎಂದೆ.

ಅವನು ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಕಿವಿ ಕೆಂಪಾಗಿತ್ತು. "ಹುಡುಗಿ ನಂಗೆ ಬೇಕು ಅಜ್ಜಿ. ಆದ್ರೂ ಹೇಳೋ ಹಾಗಿಲ್ಲ," ಎಂದು ತಲೆ ಬಗ್ಗಿಸಿ ಕಾಳು ಹಿದುಕಿದ. ಸಂಬಂಧ ಕೆಟ್ಟಿತೆಂದು ನಾನು ದೇವರ ಮನೆಯ ಕಡೆ ನೋಡಿದೆ.

ಕಾಳು ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಜ್ಜಿ ಎದ್ದರು. ಸೆರಗು ಸರಿ ಮಾಡಿಕೊಂಡರು. ಗಡಿಯಾರ ನೋಡಿದರು. ಈಗ ಬಸ್ಸು ಹತ್ತಿದರೆ ಮಡಿವಾಳ ಮುಟ್ಟುವಷ್ಟರಲ್ಲಿ ಧಾರಾವಾಹಿ ಮುಗಿದುಹೋಗುತ್ತದೆ. ಮತ್ತೆ ಕೂತರು. "ನೋಡ್ಕೊಂಡೇ ಹೋಗಾಣ," ಎಂದರು ಮಗನಿಗೆ.

ನಮ್ಮ ಯಜಮಾನರು, ಮಗ, ಒಲೆಯ ಮೇಲೆ ಸಾರಿಟ್ಟ ಸೊಸೆ, ಎಲ್ಲರೂ ಬಂದು ಕೂತರು. ಹೊತ್ತಿಗೆ ಸರಿಯಾಗಿ ಟಿವಿಯಲ್ಲಿ ಮಳೆ ಸುರಿದ ಹಾಗೆ ಚುಕ್ಕೆ ಚುಕ್ಕೆ. ಸಂಬಂಧ ಬೇಡವೆನ್ನಲು ಬಂದ ಹುಡುಗಿಯ ಅಪ್ಪನೇ ನಮ್ಮ ತಾರಸಿ ಹತ್ತಿ ಆಂಟೆನಾ ಹಿಡಿದು ನಿಂತರು.

"ಬಂತಾ?"

"ಬಂತು, ಬಂತು! ಅಲ್ಲಾಡ್ಬೇಡ, ಹಂಗೇ ನಿಂತ್ಕೋ!" ಎಂದು ಅಜ್ಜಿ ಕೂಗಿದರು. ಪಾಪ, ತಾರಸಿಯ ಮೇಲಿದ್ದವರು ಕೊನೆಯ ಕಂತು ನೋಡಲೇ ಇಲ್ಲ.

ರಾಕೆಟ್ ಹೊರಡಲಿಲ್ಲ. ದೊಡ್ಡ ಕಿವಿಯವರು ಇವನನ್ನು ಹಿಡಿದು ಊರ ಮಧ್ಯೆ ನಿಲ್ಲಿಸಿದರು. ಮಾತಿನ ಮಲ್ಲನಿಗೆ ಮೊದಲ ಸಲ ಮಾತು ಹೊರಡಲಿಲ್ಲ. ಸೈಟು ಕಳಕೊಂಡ ಸಂಸಾರದ ಮುದುಕಿ ಬೈಯಲಿಲ್ಲ, ತೆಂಗಿನಕಾಯಿ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಇವನು ಅವಳನ್ನು ನೋಡಿದ. ಆಮೇಲೆ ರಾಕೆಟ್ಟಿನೊಳಗೆ ಹೋಗಿ ಒಂದು ಚೀಲ ತಗೊಂಡು ಇಳಿದ. ರಾಕೆಟ್ಟಿನ ಬೀಗದ ಕೈ ಮುದುಕಿಯ ಕೈಗಿಟ್ಟು, "ಅವ್ವಾ, ಇನ್ನು ಇದೇ ನಿಮ್ಮನೆ. ಸೋರಲ್ಲ," ಎಂದ.

"ಅಯ್ಯೋ, ನನ್ ಇಡ್ಲಿ ಪಾತ್ರೆ ಹೋಯ್ತು!" ಎಂದು ನಾನು ಕಿರುಚಿದೆ.

ಇವನು ಚೀಲ ತಲೆದಿಂಬು ಮಾಡಿಕೊಂಡು ಮರದ ಕೆಳಗೆ ಮಲಗಿದ. ಮಕ್ಕಳು ಸುತ್ತ ಸೇರಿದರು. ಆಕಾಶದ ಕಡೆ ಬೆರಳು ತೋರಿಸಿ, "ಆ ನಕ್ಷತ್ರ ನೋಡಿದ್ರಾ? ಕಾರ್ನರ್ ಸೈಟು!" ಎಂದ. ಅಲ್ಲಿಗೆ ಮುಗಿಯಿತು.

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಗುತ್ತಲೇ ಅದೇ ಸೆರಗು ಕಣ್ಣಿಗೆ ಹೋಯಿತು. ಆಮೇಲೆ ನಮ್ಮ ಹುಡುಗನ ಕಡೆ ತಿರುಗಿದರು.

"ಲೋ, ಕೊನೆಗೆ ಹಿಂಗೆ ಮನೆ ಕೊಡ್ತಾನೆ ಅಂತ ಮಧ್ಯಾಹ್ನವೇ ಹೇಳಿದ್ದಿದ್ರೆ ಆವಾಗ್ಲೇ ಹೂಂ ಅಂತಿದ್ನಲ್ಲೋ!"

"ಗೊತ್ತಜ್ಜಿ."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಮಾತು ಕೊಟ್ಟಿದ್ದೆ."

ಅವರು ಅವನನ್ನೇ ನೋಡುತ್ತ ಕೂತರು. "ಆ ಬ್ರೋಕರಾಗಿದ್ರೆ ನಂಗೆ ಬೇಕಾದ್ದನ್ನೇ ಹೇಳ್ತಿದ್ದ," ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, ಜೋರಾಗಿ, "ಅಕ್ಕಾ, ಕಾಳು ಹಿದುಕಿಸ್ಕೊಂಡು ಹಂಗೇ ಕಳಿಸ್ತೀರಾ? ಎಲೆ ಹಾಕ್ಸಿ!"

ಎಲೆ ಹಾಕಿಸಿ! ಇದಕ್ಕಿಂತ ದೊಡ್ಡ ಮಾತು ಬೇಕೇ? ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಹುಡುಗ ಎದ್ದವನು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗೋಡೆಗೆ ಹಣೆ ಬಡಿಸಿಕೊಂಡ. ಮೇಲಿನಿಂದ "ಈಗ ಬರ್ಲಾ?" ಎಂದು ಹುಡುಗಿಯ ಅಪ್ಪನ ದನಿ ಕೇಳಿತು. ಎಲ್ಲರೂ ಅವರನ್ನು ಮರೆತೇಬಿಟ್ಟಿದ್ದೆವು.

ನಡುಮನೆಯಲ್ಲಿ ಉದ್ದಕ್ಕೆ ಎಲೆ ಹಾಕಿದೆವು. ನಮ್ಮ ಯಜಮಾನರು, ಮಗ, ಸೊಸೆ, ಮೊಮ್ಮಗ, ಬೀಗರು, ಎಲ್ಲರೂ ಒಂದೇ ಸಾಲು. ಆ ಅಜ್ಜಿ, ಇನ್ನು ನನ್ನ ಬೀಗಿತ್ತಿ, ನನ್ನನ್ನು ಬಡಿಸಲು ಬಿಡದೆ ಪಕ್ಕದಲ್ಲೇ ಎಳೆದು ಕೂರಿಸಿಕೊಂಡರು. ಬಿಸಿ ರಾಗಿ ಮುದ್ದೆ, ನಾವು ಮೂವರೂ ಹಿದುಕಿದ ಅವರೆಬೇಳೆಯ ಸಾರು, ಮೇಲೆ ತುಪ್ಪ. ಸಾರಿನ ಸೊಗಡು ಬೀದಿಯ ತುದಿಯವರೆಗೂ ಹೋಗಿರಬೇಕು. ಹುಡುಗಿ ಮಡಿವಾಳದಲ್ಲಿ ಒಬ್ಬಳೇ ಕಾಯುತ್ತಿದ್ದಾಳಲ್ಲ ಎಂದು ಸೊಸೆ ಮೊದಲೇ ಒಂದು ಕ್ಯಾರಿಯರು ತುಂಬಿಟ್ಟಿದ್ದಳು.

"ಏನಪ್ಪಾ, ಆ ಇಡ್ಲಿ ಪಾತ್ರೆ ನಿಜವಾಗ್ಲೂ ಹೋಯ್ತಾ?" ಎಂದರು ಬೀಗಿತ್ತಿ, ಮುದ್ದೆ ಮುರಿಯುತ್ತ.

"ನಾಳೆ ತರ್ತೀನಜ್ಜಿ. ಅದಕ್ಕೂ ಮಾತು ಕೊಡ್ತೀನಿ," ಎಂದ. ಅವರು ತಮ್ಮ ಎಲೆಯ ಪಕ್ಕದ ತುಪ್ಪದ ಬಟ್ಟಲನ್ನು ಅವನ ಕಡೆ ಸರಿಸಿದರು.